ಹೆಪ್ಪಿನ ಬಟ್ಟಲಲ್ಲಿ ಬಂದ ಪಂಪು

ಎಲ್ಲೂ ಸಿಗದ ವಸ್ತು, ಬೇಕೇ ಬೇಕಾದ ಗಳಿಗೆಯಲ್ಲಿ ತಾನಾಗಿ ಎದುರಿಗೆ ಬಂದು ಕೂತದ್ದು ನಿಮ್ಮಲ್ಲಿ ಯಾರಿಗಾದರೂ ಆಗಿದೆಯೇ? ಇಂಥ ಕಥೆ ಹೇಳುವವರ ಮುಖದ ಮೇಲೇ ನಗುತ್ತಿದ್ದವಳು ನಾನು. ನನಗೇ ಆದಮೇಲೆ ನಗು ನಿಂತಿತು, ನಂಬಿಕೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ತೊಂಬತ್ತರ ದಶಕದ ಕೊನೆ. ಮರಾಠಿ ಗಡಿಯ ಜತ್ತ ತಾಲೂಕಿನ ಉಟಗಿಗೆ ನಾನು ಹೊಸ ಸೊಸೆ. ನನಗೆ ದಮ್ಮಿನ ಕಾಯಿಲೆ. ದಮ್ಮಿರುವುದು ಅತ್ತೆಗೆ ಗೊತ್ತಿತ್ತು, ಅದಕ್ಕೆ ಇನ್‌ಹೇಲರ್, ನಮ್ಮ ಮಾತಿನಲ್ಲಿ ಪಂಪು, ಎಳೆಯುವುದು ಗೊತ್ತಿರಲಿಲ್ಲ. ಪಂಪು ಹಿಡಿದವರ ಕಥೆ ಮುಗಿದಂತೆ ಎಂದು ಊರೇ ನಂಬಿದ್ದ ಕಾಲ ಅದು. ಹಾಗಾಗಿ ಕದ್ದು ಎಳೆಯುತ್ತಿದ್ದೆ.

ಆ ಬೇಸಿಗೆಯಲ್ಲಿ ಪಂಪು ಸಿಗುವುದೇ ನಿಂತುಹೋಯಿತು. ಜತ್ತದ ಮೆಡಿಕಲ್‌ನವನು, "ಶಿಲ್ಲಕ್ ಇಲ್ರಿ ಬಾಯಿ, ಸಾಂಗ್ಲಿಯಿಂದನ ಮಾಲು ಬಂದಿಲ್ಲ" ಎಂದು ಕೈ ಆಡಿಸಿದ. ನನ್ನ ಗಂಡ ವಿಜಾಪುರಕ್ಕೂ ಹೋಗಿ ಬರಿಗೈಯಲ್ಲಿ ಬಂದರು. ಆಗ ನನ್ನನ್ನು ಉಳಿಸಿದವಳು ಪಕ್ಕದ ಮನೆಯ ಗುರುಬಾಯಿ ಅಕ್ಕ. ಆಕೆಗೂ ದಮ್ಮು. ಇದ್ದದ್ದು ಒಂದೇ ಪಂಪು. ಅದರ ಮುಚ್ಚಳ ಕಳೆದುಹೋಗಿ, ಬಾಯಿಗೆ ಹಸಿರು ಖಣದ ಬಟ್ಟೆಯ ಚೂರು ತುರುಕಿರುತ್ತಿದ್ದಳು. ಕೇಳಲು ನಾನು ತಡವರಿಸಿದಾಗ ಬೈದಳು: "ಗಂಡನ್ನೇನ ಕೇಳಾಕತ್ತಿಲ್ಲಲ್ಲ, ಪಂಪ ಕೇಳಾಕತ್ತಿ. ಅಷ್ಟ್ಯಾಕ ನಾಚತಿ?"

ಉಪಾಯವೂ ಅವಳದೇ. ಹೆಪ್ಪು ತರುವ ನೆಪದಲ್ಲಿ ಅವಳ ಬಟ್ಟಲಿನಲ್ಲಿ ಪಂಪು ಇಟ್ಟು, ಮೇಲೆ ತಾಟು ಮುಚ್ಚಿ ತರುತ್ತಿದ್ದೆ. ಹಾಗೆಯೇ ಮರಳಿ ಕೊಟ್ಟು ಬರುತ್ತಿದ್ದೆ. ಹೆಪ್ಪಿನ ಬಟ್ಟಲನ್ನು ಯಾರು ತೆರೆದು ನೋಡುತ್ತಾರೆ? ಅತ್ತೆ ಮಾತ್ರ, "ದಿನಾ ಹೆಪ್ಪಿಗೆ ಹೊಂಟಿ, ನಿನ್ನ ಕೈಯಾಗ ಮೊಸರ ನಿಂದ್ರೂದಿಲ್ಲೇನ?" ಎಂದು ಚುಚ್ಚುತ್ತಿದ್ದರು. ತೊಡಕು ಒಂದೇ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡುವುದಿಲ್ಲ, ಕೇಳುವುದೂ ಇಲ್ಲ.

ಅವತ್ತು ನಾದಿನಿಯನ್ನು ನೋಡಲು ಡಫಳಾಪುರದಿಂದ ಬೀಗರು ಬರುವವರಿದ್ದರು. ಗುರುಬಾಯಿ ಅಕ್ಕ ಬೆಳಿಗ್ಗೆಯೇ ಮನೆಗೆ ಬೀಗ ಹಾಕಿ ಗುಡ್ಡಾಪುರಕ್ಕೆ, ದಾನಮ್ಮನ ಗುಡಿಗೆ ಹೋಗಿದ್ದಳು. ಪಂಪು ಅವಳ ಸೊಂಟದ ಚೀಲದಲ್ಲೇ. ಬೀಗರು ಬಂದದ್ದು ತಡವಾಗಿ, ದೀಪ ಹಚ್ಚುವ ಹೊತ್ತಿಗೆ. ಒಗ್ಗರಣೆಯ ಮೆಣಸಿನಕಾಯಿ ಹೊಗೆ ಎದೆಗೆ ಹೊಡೆದದ್ದೇ ತಡ, ಉಸಿರು ಸಿಳ್ಳೆ ಹಾಕತೊಡಗಿತು.

ಅತ್ತೆ ಒಳಗೆ ಓಡಿ ಬಂದರು. "ಬಾಯಿ ಮುಚ್ಚ. ಹೊರಗ ಕೇಳಸಾಕತ್ತೈತಿ. ದಮ್ಮಿನ ಮನಿ ಅಂತ ಎದ್ದು ಹೋದ್ರ ನನ್ನ ಮಗಳ ಗತಿ ಏನ?"

ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ. ಅತ್ತೆ ಹೊರಗೆ ಹೋಗಿ ನಗುತ್ತಾ ಮಾತಾಡುತ್ತಿದ್ದರು. ನನಗೆ ಕಣ್ಣು ಕತ್ತಲೆ ಬಂತು. ಗಾಳಿಗೆಂದು ಗೋಡೆ ಹಿಡಿದು ಹಿತ್ತಲ ಬಾಗಿಲಿಗೆ ಹೋದೆ.

ಹೊಸ್ತಿಲ ಮೇಲೆ ಬಟ್ಟಲು ಇತ್ತು. ತಾಟು ಮುಚ್ಚಿತ್ತು. ಬಟ್ಟಲ ಮೇಲೆ ಕೊರೆದ ಗುರುಬಾಯಿಯ ಹೆಸರು ಕೈಗೆ ತಾಗಿತು. ಒಳಗೆ ಪಂಪು, ಬಾಯಲ್ಲಿ ಅದೇ ಹಸಿರು ಖಣ. ಯೋಚನೆ ಮಾಡಲು ಉಸಿರೆಲ್ಲಿತ್ತು? ಎರಡು ಸಲ ಎಳೆದೆ. ಎದೆ ಬಿಟ್ಟಿತು. ಅಕ್ಕ ಬೇಗ ಬಂದಳೆಂದುಕೊಂಡು ಪಂಪನ್ನು ಬಟ್ಟಲಿಗೇ ಹಾಕಿ, ಮುಚ್ಚಿ, ಚಹಾ ತೆಗೆದುಕೊಂಡು ಹೊರಗೆ ಹೋದೆ. ಲಗ್ನ ಗಟ್ಟಿಯಾಯಿತು.

ಬೀಗರು ಹೋದಮೇಲೆ ನೋಡಿದರೆ ಹೊಸ್ತಿಲು ಖಾಲಿ. ಗುರುಬಾಯಿ ಅಕ್ಕ ಜೀಪಿನಿಂದ ಇಳಿದದ್ದು ಮರುದಿನ.

"ಬಟ್ಟಲಾ ಯಾರ ಕೈಯಾಗ ಕಳಿಸಿದ್ದಿ ಅಕ್ಕಾ?"

"ಯಾವ ಬಟ್ಟಲಾ?" ಸೊಂಟದ ಚೀಲದಿಂದ ಪಂಪು ತೆಗೆದು ತೋರಿಸಿದಳು. "ಇದ ನನ್ನ ಕಡೇನ ಐತಲ್ಲ. ನಿನ್ನೆ ಗುಡಿ ಮೆಟ್ಟಲಾ ಹತ್ತಿ ನಾನ ಎಳದೀನಿ."

ಬೀಗ ತೆಗೆದು ಒಳಗೆ ಹೋದೆವು. ಬಟ್ಟಲು ಗೋಡೆಯ ಮಾಡದಲ್ಲಿ ಬೋರಲಾಗಿ, ಒಣಗಿ ಕೂತಿತ್ತು. ನಡೆದದ್ದೆಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ಯಾರ ಮುಂದನೂ ಹೇಳಬ್ಯಾಡ ನಮ್ಮವ್ವಾ. ದಮ್ಮಿನ ಜೋಡಿ ಹುಚ್ಚೂ ಐತಿ ಅಂತಾರ" ಎಂದಳು.

ದಮ್ಮು ಕೆಲವೊಮ್ಮೆ ತಾನಾಗಿಯೂ ಇಳಿಯುತ್ತದೆ, ಉಸಿರು ಕಟ್ಟಿದಾಗ ತಲೆ ಏನೇನೋ ತೋರಿಸುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಚಹಾ ಕೊಡುವಾಗಲೂ ಆ ಔಷಧದ ಕಹಿ ನನ್ನ ನಾಲಿಗೆಯ ಮೇಲಿತ್ತು. ಅದನ್ನು ಯಾವ ಲೆಕ್ಕಕ್ಕೆ ಹಾಕಲಿ?

ವಿಚಿತ್ರಕ್ಕಿಂತ ಹೆಚ್ಚಾಗಿ ನನ್ನನ್ನು ಸುಡುವುದು ನಾಚಿಕೆ. ಗೋಡೆಯ ಆಚೆ ಮನೆ ತುಂಬ ಜನರಿದ್ದರು, ನನ್ನ ಗಂಡನೂ ಇದ್ದರು. ಒಂದು ಸಲ ಕೂಗಿದ್ದರೆ ಸಾಕಿತ್ತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಸಾಯಲು ತಯಾರಾಗಿದ್ದೆ. ಆ ಬಟ್ಟಲು ಇಟ್ಟವರು ಯಾರೇ ಇರಲಿ, ಇವಳು ಕೂಗುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನಿಮಗೂ ಇಂಥದ್ದೇನಾದರೂ ಆಗಿದ್ದರೆ ಕೆಳಗೆ ಬರೆಯಿರಿ. ಪಂಪು ಬಚ್ಚಿಟ್ಟುಕೊಂಡು ಬದುಕಿದವರು ಮೊದಲು ಬರೆಯಿರಿ. ಯಾರೂ ನಗುವುದಿಲ್ಲ, ನಾನಂತೂ ನಗುವುದಿಲ್ಲ.