ಎರಡನೇ ಭಾಗದಲ್ಲಿ ಹೊಗೆಯ ಸುದ್ದಿಯೇ ಇಲ್ಲ

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಕಾದಂಬರಿ ಓದುವವಳು ನಾನೊಬ್ಬಳೇ. ಮಾವನವರಿಗೆ ಪಂಚಾಂಗ ಮತ್ತು ಪೇಪರಿನಲ್ಲಿ ಬರುವ ಅರಿಸಿನದ ಧಾರಣೆ ಸಾಕು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅದೂ ತಪ್ಪಿತು. ಹೊಲದ ದೂಳಿಗೆ ಹೋಗುವಂತಿಲ್ಲ, ಟಿವಿ ನೋಡುವಂತಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದರು.

ಚಾಮರಾಜನಗರದಲ್ಲಿ ನನ್ನ ಕಚೇರಿ. ಒಂದು ಸಂಜೆ ಬೇರೇನೂ ತೋಚದೆ, ಬಸ್ಸಿನಲ್ಲಿ ಓದುತ್ತಿದ್ದ ವೈಜ್ಞಾನಿಕ ಕಾದಂಬರಿಯನ್ನೇ ಅವರಿಗೆ ಗಟ್ಟಿಯಾಗಿ ಓದತೊಡಗಿದೆ. ಮೂರು ಭಾಗದ ಕಥೆಯಲ್ಲಿ ಅದು ಮೊದಲನೆಯದು. ಗಾಳಿಯೇ ಇಲ್ಲದ ಗ್ರಹಕ್ಕೆ ಹೊರಟ ನೌಕೆ, ಅದನ್ನು ರಿಪೇರಿ ಮಾಡುತ್ತಾ ಸಾಗುವ ಒಬ್ಬ ಹೆಂಗಸು. ಮೂರನೇ ಸಂಜೆಗೆ ಎದುರು ಮನೆಯಲ್ಲಿರುವ ಮಾವನ ಗೆಳೆಯರೊಬ್ಬರು, ಅರಿಸಿನದ ವ್ಯಾಪಾರಿ, ತಾವೂ ಬಂದು ಕೂತರು. ನೌಕೆ ಕೆಟ್ಟಾಗ ಇಬ್ಬರೂ ಉಸಿರು ಬಿಗಿಹಿಡಿದರು. ಕೊನೆಗೆ ನೌಕೆ ಇಳಿಯಿತು. ಅವಳು ಕಿಟಕಿಯಲ್ಲಿ ನೋಡಿದರೆ ಗುಡ್ಡದ ಹಿಂದೆ ಹೊಗೆ. ಪುಸ್ತಕ ಅಲ್ಲಿಗೆ ಮುಗಿಯಿತು.

“ಗಾಳಿ ಇಲ್ದೆ ಬೆಂಕಿ ಎಂಗವ್ವ ಉರಿತದೆ?” ಅಂದರು ಮಾವ.

“ಯಾರೋ ಅವ್ರೆ ಕಣ್ಲಾ ಅಲ್ಲಿ,” ಅಂದರು ಗೆಳೆಯರು.

ಎರಡನೇ ಭಾಗ ಆಗಷ್ಟೇ ಅಚ್ಚಾಗಿತ್ತು. ಮೈಸೂರಿನಿಂದ ತರಿಸುವಷ್ಟರಲ್ಲಿ ಮಾವನ ಇನ್ನೊಂದು ಕಣ್ಣಿನ ಆಪರೇಷನ್ನೂ ಮುಗಿದು, ಹೊಗೆ ಯಾರದೆಂದು ಇಬ್ಬರೂ ಜಗಳವಾಡುವ ಮಟ್ಟಕ್ಕೆ ಹೋಗಿದ್ದರು. ಪುಸ್ತಕ ಬಂತು, ಮೊದಲಿನದಕ್ಕಿಂತ ದಪ್ಪ. ಓದಲು ಕೂತರೆ ಆ ಹೆಂಗಸಿನ ಅಜ್ಜನ ಬಾಲ್ಯದ ಕಥೆ! ಅದು ಮುಗಿದರೆ ನೌಕೆ ಕಟ್ಟಿದ ಕಂಪನಿಯ ಮೀಟಿಂಗು, ಮೀಟಿಂಗಿನ ಮೇಲೆ ಮೀಟಿಂಗು. ನಾನು ಹಗಲೆಲ್ಲ ಕಚೇರಿಯಲ್ಲಿ ಅದನ್ನೇ ಅನುಭವಿಸಿ ಬಂದವಳು.

“ಒಗೆ ಬಂತಾ?” ಮಾವ ದಿನವೂ ಕೇಳುತ್ತಿದ್ದರು.

“ಇನ್ನೂ ಇಲ್ಲ ಮಾವ.”

ಗೆಳೆಯರು “ವಸಿ ಕ್ಯಾಮೆ ಅದೆ ಕಣವ್ವ” ಎಂದು ಬರುವುದನ್ನೇ ಬಿಟ್ಟರು. ಮಾವ ಮಾತ್ರ ಹಟ ಬಿಡಲಿಲ್ಲ. ಒಂದು ಸಂಜೆ ಸಿಡುಕಿದರು: “ನೀನು ಬುಟ್ಟು ಬುಟ್ಟು ಓದ್ತಾ ಇದ್ದೀಯ. ಸುಸ್ತಾದ್ರೆ ಅಂದ್ಬುಡು. ಕತೆ ಯಾಕವ್ವ ಕೆಡುಸ್ತೀಯ?”

ನನಗೆ ಕಣ್ಣಲ್ಲಿ ನೀರು ಬಂತು. ಆ ಬೇಸರದ ಪುಟಗಳನ್ನು ಒಂದು ಸಾಲೂ ಬಿಡದೆ, ಗಂಟಲು ಕಟ್ಟಿಸಿಕೊಂಡು ಓದಿದವಳು ನಾನು. ಬರೆದವನ ತಪ್ಪಿಗೆ ಬೈಗುಳ ನನಗೆ. ಪುಸ್ತಕವನ್ನು ಅವರ ಪಕ್ಕದಲ್ಲಿಟ್ಟು ಒಳಗೆ ಹೋದೆ.

ಹೊಸ ಕನ್ನಡಕ ಬಂದ ಮೇಲೆ ನಾನು ಓದಿದಷ್ಟನ್ನೂ ಅವರೇ ಮೊದಲಿಂದ ಓದಿದರು. ನಾನು ಕಚೇರಿಯಿಂದ ಬಂದಾಗ ಜಗಲಿಯಲ್ಲೇ ತಡೆದರು.

“ನೀನು ಏನೂ ಬುಟ್ಟಿಲ್ಲ ಕಣವ್ವ. ಬರ್ದೋನೇ ಬುಟ್ಟವ್ನೆ. ತಗೋ, ನಂಗೆ ಬ್ಯಾಡ.”

ಮನಸ್ಸು ಹಗುರಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಉಳಿದದ್ದನ್ನು ಬಸ್ಸಿನಲ್ಲಿ ಮುಗಿಸಿದೆ. ಕೊನೆಯ ಪುಟದಲ್ಲಿ ಅವಳು ಮತ್ತೆ ಕಿಟಕಿಯ ಹತ್ತಿರ ಬರುತ್ತಾಳೆ, ಹೊರಗೆ ಕತ್ತಲಾಗಿರುತ್ತದೆ. ಅಷ್ಟೇ. ಪುಸ್ತಕ ಮುಚ್ಚಿದ ಸದ್ದಿಗೆ ಪಕ್ಕದ ಸೀಟಿನ ಹೆಂಗಸು ಬೆಚ್ಚಿ ನೋಡಿದರು. ಹೊಗೆ ಎಬ್ಬಿಸುವಾಗ ಅದು ಯಾರದೆಂದು ಬರೆದ ಪುಣ್ಯಾತ್ಮನಿಗೂ ಗೊತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಮರುದಿನ ಗೆಳೆಯರು ಬೀದಿಯಲ್ಲೇ ನಿಲ್ಲಿಸಿ ಕೇಳಿದರು, “ಗೊತ್ತಾಯ್ತಾ ಕಣವ್ವ, ಯಾರ್ದು?” ನಾನೇ ಬರೆದಿದ್ದೆನೇನೋ ಎಂಬಂತೆ ನಾಚಿಕೆಯಾಯಿತು. “ಇಲ್ಲ” ಎಂದೆ. ಅವರು ಅರಿಸಿನದ ಮಂಡಿಯ ಕಡೆ ಹೋದರು.

ಆಮೇಲೆ ಅವರೂ ಮಾವನೂ ಕೂತು ಅದು ಹೊಗೆಯಲ್ಲ, ದೂಳು ಎಂದು ತೀರ್ಮಾನಿಸಿಬಿಟ್ಟರು. ಅವರಿಗೆ ಸಮಾಧಾನ. ನನಗಿಲ್ಲ. ಮೂರನೆಯದು ಬಂದರೆ ಕೊಳ್ಳಬಾರದು ಎಂದು ನಿಶ್ಚಯಿಸಿದ್ದೇನೆ. ಆದರೂ ವಾರಕ್ಕೊಮ್ಮೆ ಮೈಸೂರಿನ ಪುಸ್ತಕದ ಅಂಗಡಿಗೆ ಫೋನು ಮಾಡಿ, ಬಂತಾ ಎಂದು ಕೇಳಿ, ಇಟ್ಟ ಮೇಲೆ ನನ್ನನ್ನೇ ಬೈದುಕೊಳ್ಳುತ್ತೇನೆ.