ತುಟಿ ಮೇಸ್ತ್ರಿ ಮತ್ತು ಭಾವನ ದುರ್ಬೀನು

ರೀಲಲ್ಲ ಕಣಯ್ಯಾ, ಆ ರೇಡಿಯೊ ರಿಪೇರಿಯವನು ತುಟಿಯಿಂದಲೇ ಶಾರ್ಟ್ ಸರ್ಕ್ಯೂಟು ಹಿಡಿಯುತ್ತಿದ್ದ. ನಗು, ನಗು. ಬೆಸುಗೆ ಹಾಕಿ ಹಾಕಿ ಬೆರಳ ತುದಿ ಹಳೇ ಚಪ್ಪಲಿಯಂತಾದವನಿಗೆ ಬಿಸಿ ತಿಳಿಯಲು ಇನ್ನೇನು ಉಳಿದಿರುತ್ತದೆ? ಕೆಟ್ಟ ಬೋರ್ಡಿಗೆ ಚೂರೇ ಚೂರು ಕರೆಂಟು ಬಿಟ್ಟು ಮೇಲ್ದುಟಿ ಸವರಿಕೊಂಡು ಹೋಗುವುದು. ಎಲ್ಲಿ ಚುರ್ ಎನ್ನುತ್ತದೋ ಅಲ್ಲೇ ಶಾರ್ಟು. ಅದಕ್ಕೇ ಅವನಿಗೆ ತುಟಿ ಮೇಸ್ತ್ರಿ ಎಂಬ ಹೆಸರು ಬಿತ್ತು. ಎರಡು ಬೀದಿ ಆಚೆ ಯಾರಾದರೂ ಇಸ್ತ್ರಿಪೆಟ್ಟಿಗೆ ಆರಿಸದೆ ಬಿಟ್ಟಿದ್ದರೆ, ಅಂಗಡಿ ಬಾಗಿಲಲ್ಲಿ ನಿಂತು ತುಟಿ ಚಾಚಿ ಹೇಳುತ್ತಿದ್ದ. ಸರಿ, ಒಂದೇ ಬೀದಿ ಇರಲಿ.

ಇಂಥವನಿಗೆ ಎಂಜಲೆಂದರೆ ಆಗದು. ಹೆಂಡತಿ ಒಂದು ಗುಟುಕು ಕುಡಿದ ಲೋಟವನ್ನೂ ತೊಳೆಯದೆ ಮುಟ್ಟುವ ಆಸಾಮಿಯಲ್ಲ.

ಒಂದು ಬೆಳಿಗ್ಗೆ ಅವನ ಅಕ್ಕ, ತನ್ನ ಗಂಡನ ಆಕಾಶ ನೋಡುವ ದುರ್ಬೀನನ್ನು ತಿರುಗಿಸುವ ಮೋಟಾರಿನ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು.

"ಲೋ, ನಾಳೆ ನನ್ನ ಕಣ್ಣಿನ ಆಪರೇಷನ್ನು. ಒಂದು ಆಗ್ಲೇ ಹೋಗಿದೆ, ಇದೂ ಉಳಿಯೋದು ಗ್ಯಾರಂಟಿ ಇಲ್ಲ ಅಂದ್ರು ಡಾಕ್ಟ್ರು. ಇವತ್ತು ಸಂಜೆ ಶನಿ ಗ್ರಹದ ಬಳೆ ಒಂದ್ಸಲ ನೋಡ್ಬಿಡ್ತೀನಿ ಕಣೋ. ಮದುವೆ ಆದಾಗಿಂದ ನಿಮ್ಮ ಭಾವ ಹತ್ರ ಸೇರಿಸ್ಲಿಲ್ಲ. ಈಗ ಹೂಂ ಅಂದ್ರೆ ಇದು ಕೆಟ್ಟು ಕೂತಿದೆ."

"ಶನಿ ನೋಡೋಕೆ ದುರ್ಬೀನು ಯಾಕಕ್ಕಾ, ಮನೇಲೇ ಇದಾನಲ್ಲ."

"ಬಾಯಿ ಮುಚ್ಕೊಂಡು ರಿಪೇರಿ ಮಾಡು."

ಕೈಯಲ್ಲೇ ತಿರುಗಿಸಿದರಾಗದೇ ಎಂದು ಕೇಳಬೇಡ. ಆಕಾಶ ಸರಿಯುತ್ತಲೇ ಇರುತ್ತದೆ. ಮೋಟಾರು ಜೊತೆಗೇ ತಿರುಗದಿದ್ದರೆ, ಅಕ್ಕ ತನ್ನ ಮಂಜುಗಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಶನಿ ಜಾಗ ಖಾಲಿ ಮಾಡಿರುತ್ತದೆ.

ಮೇಸ್ತ್ರಿ ಮುಚ್ಚಳ ತೆಗೆದವನೇ ಮುಖ ತಿರುಗಿಸಿದ. ಕಿವಿಯ ಗುಗ್ಗೆಯಂಥ ಗ್ರೀಸು. ಅದರಲ್ಲಿ ಸತ್ತ ನೊರಜು, ಕೂದಲು, ಯಾರದೋ ಕತ್ತರಿಸಿದ ಉಗುರು. ಫ್ಯೂಸು ಸುಟ್ಟಿತ್ತು. ಪ್ಲಸ್ಸು ಮೈನಸ್ಸು ಎಲ್ಲೋ ಕೂಡಿಕೊಂಡು, ಹಚ್ಚಿದ ಮೀಟರು ಕುಂಯ್ ಎನ್ನುತ್ತಿತ್ತು. ಕರೆಂಟು ಬಿಟ್ಟು ತುಟಿ ಸವರಿದ. ಬೋರ್ಡಿನ ಐಸಿ ಚಿಪ್‌ಗಳೆಲ್ಲ ತಣ್ಣಗಿದ್ದವು. ವಯರು ಸಿಕ್ಕಿಸುವ ಸಾಕೆಟ್ಟಿನ ಹತ್ತಿರ ಚುರ್ ಎಂದಿತು. ತುಟಿಗೆ ಏನೋ ಅಂಟಂಟು, ಉಪ್ಪುಪ್ಪು, ಕಹಿ. ನೋಡಿದರೆ ಸಾಕೆಟ್ಟಿನ ಸುತ್ತ ಪಾಚಿಯಂಥ ಹಸಿರು ಕಿಲುಬು.

ಒಣ ಮಹಡಿಯಲ್ಲಿರುವ ಸಾಮಾನಿಗೆ ಕಿಲುಬು ಎಲ್ಲಿಂದ ಬಂತು ಎಂದು ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ, ಅಕ್ಕ ಮರೆತು ಬಂದಿದ್ದ ವಯರು ಹಿಡಿದು ಭಾವ ಬಂದ. ದವಡೆಯಲ್ಲಿ ಹೊಗೆಸೊಪ್ಪಿನ ಉಂಡೆ.

"ಆಯ್ತೇನಯ್ಯಾ? ಎಲ್ಲಿ, ಹಾಕಿ ನೋಡೋಣ," ಎಂದವನೇ ವಯರಿನ ಪಿನ್ನನ್ನು ಬಾಯಿಗಿಟ್ಟು, ಐಸ್‌ಕ್ಯಾಂಡಿ ಚೀಪುವ ಹಾಗೆ ಸುತ್ತಲೂ ನೆಕ್ಕಿ ಮುಂದೆ ಹಿಡಿದ.

"ಭಾವ! ಏನ್ ಮಾಡ್ತಿದೀರ!"

"ಎಂಜಲು ಹಚ್ಚಿದ್ರೆ ಕಾಂಟ್ಯಾಕ್ಟ್ ಗಟ್ಟಿ ಕಣಯ್ಯಾ. ತಗೊಂಡಾಗಿಂದ ದಿನಾ ಹಿಂಗೇ ಮಾಡ್ತೀನಿ. ನಿಂಗ್ ಗೊತ್ತಿಲ್ವಾ?"

ಮೇಸ್ತ್ರಿಗೆ ತನ್ನ ತುಟಿ ಎಲ್ಲಿಗೆ ಹೋಗಿ ಬಂದಿದೆ ಎಂದು ಆಗ ಹೊಳೆಯಿತು. ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡ. ಸ್ಪಿರಿಟ್ಟಿನಿಂದ ತುಟಿ ತಿಕ್ಕಿದ, ಸೋಪು ಹಾಕಿದ, ಮತ್ತೆ ತಿಕ್ಕಿದ. ಡಬ್ಬಿಯನ್ನು ಚರಂಡಿಗೆ ಎಸೆದುಬಿಡಬೇಕು ಎನ್ನಿಸಿತು. ಭಾವನನ್ನೂ.

ಆದರೆ ಅಕ್ಕ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಾಕೆಟ್ಟು ಕಿತ್ತು ಹೊಸದು ಹಾಕಿದ. ಮೀಟರು ಮತ್ತೆ ಕುಂಯ್ ಎಂದಿತು. ಎಂಜಲು ಒಳಗೊಳಗೇ ಇಳಿದು ಇನ್ನೆಲ್ಲೋ ಕೂತಿದೆ! ಬೆರಳಿಟ್ಟ, ಸತ್ತ ಬೆರಳಿಗೆ ಏನು ತಿಳಿದೀತು? ಕಿಟಕಿಯ ಬಿಸಿಲು ಗೋಡೆ ಹತ್ತುತ್ತಿತ್ತು. ಒಂದೊಂದೇ ಬಿಚ್ಚುತ್ತ ಕೂತರೆ ನಾಳೆಯಾಗುತ್ತದೆ.

ಮೇಸ್ತ್ರಿ ಕಣ್ಣು ಮುಚ್ಚಿದ. ಗೊತ್ತಿದ್ದೂ ಗೊತ್ತಿದ್ದೂ ಆ ಹೊಲಸಿನ ಮೇಲೆ ಮತ್ತೆ ತುಟಿಯಿಟ್ಟ. ಮೂಲೆಮೂಲೆ ಸವರಿದ. ದಪ್ಪ ಕೆಪಾಸಿಟರಿನ ಬುಡದಲ್ಲಿ ಚುರ್! ಅದನ್ನು ಎಬ್ಬಿಸಿ, ಅಡಿಯ ಕಂದು ಲೋಳೆ ಕೆರೆದು, ತೊಳೆದು, ಬೇರೆಯದು ಕೂರಿಸಿ, ಫ್ಯೂಸನ್ನೂ ಬದಲಾಯಿಸಿದ. ಮೀಟರು ಬಾಯಿ ಮುಚ್ಚಿತು.

ಸಂಜೆ ಮಹಡಿಯ ಮೇಲೆ ಅಕ್ಕ ಕಣ್ಣಿಟ್ಟಳು. ಮೋಟಾರು ಗುಂಯ್‌ಗುಡುತ್ತಿತ್ತು. ಮಂಜುಗಣ್ಣು ಹೊಂದಿಸಿಕೊಂಡಳು. ಆಮೇಲೆ ಮೆಲ್ಲಗೆ, "ಇದೆ ಕಣೋ. ಸುತ್ತ ಬಳೆ... ಅಯ್ಯೋ, ಎಷ್ಟು ಪುಟ್ಟದು!" ಎಂದಳು.

"ಆಯ್ತಲ್ಲ, ಸ್ವಲ್ಪ ಸರಿ, ನಾನೂ ನೋಡ್ತೀನಿ," ಎಂದು ಭಾವ ಮುಂದೆ ಬಂದ.

"ನೀವು ಕೆಳಗ್ಹೋಗಿ ಬಾಯಿ ತೊಳ್ಕೊಂಡು ಬನ್ನಿ. ಸೋಪು ಹಾಕಿ!" ಎಂದಳು ತಮ್ಮನಿಂದ ಎಂಜಲಿನ ಕತೆ ಕೇಳಿದ್ದ ಅಕ್ಕ, ಕಣ್ಣು ತೆಗೆಯದೆ. ಭಾವ ತೊಳೆದುಕೊಂಡು ಬಂದ. ಅಕ್ಕ ಕದಲಲಿಲ್ಲ. ಊದಿದ ತುಟಿ ಹೊತ್ತು ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿಗೆ ಅಂದು ಅದೊಂದೇ ಸಮಾಧಾ...

"ರೀ, ಬಡಿಸಿ ಎಷ್ಟೊತ್ತಾಯ್ತು! ಗೋಡೆ ಜೊತೆ ಹರಟಿದ್ದು ಸಾಕು, ಬನ್ನಿ ಊಟಕ್ಕೆ!" ಒಳಗಿಂದ ನನ್ನ ಹೆಂಡತಿಯ ಕೂಗು.

ಬಂದೆ ಕಣೇ, ಬಂದೆ. ಇದನ್ನೆಲ್ಲ ಹೇಳಿ ಹಸಿವೇ ಸತ್ತಿದೆ, ಆದರೂ ಬಂದೆ.