ಇಕ್ಕಳಕ್ಕೆ ಕೊಟ್ಟ ರಿಯಾಯಿತಿ

ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಟೈಪ್‌ರೈಟರ್ ಮೆಕ್ಯಾನಿಕ್ಕು ತನ್ನ ಅಂಗಡಿಯ ಮೇಜಿನ ಮೇಲೆ ಯಾವುದೋ ಕಚೇರಿಯ ದೊಡ್ಡ ಯಂತ್ರವನ್ನು ಮಗ್ಗುಲಿಗೆ ಮಲಗಿಸಿಕೊಂಡು, ಹಲ್ಲುಜ್ಜುವ ಹಳೇ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅಕ್ಷರಗಳ ಸಂದಿಗೆ ಮೆತ್ತಿದ ಶಾಯಿಯನ್ನು ತಿಕ್ಕುತ್ತಿದ್ದ. ಅಂಚೆಯವನು ಸೈಕಲ್ಲಿನಿಂದ ಇಳಿಯದೆ, ಒಂದು ಕಾಲನ್ನು ಮೆಟ್ಟಿಲ ಮೇಲೆ ಊರಿ, ಮೂರು ಕಾಗದ ಚಾಚಿದ.

"ಏನಪ್ಪಾ, ಇಡೀ ಬೀದಿಗೆ ಬರೋದು ಒಂದು ತೂಕ, ನಿನಗೊಬ್ಬನಿಗೆ ಬರೋದು ಒಂದು ತೂಕ. ಈ ವಯಸ್ಸಲ್ಲೂ ಇಷ್ಟೊಂದು ಪ್ರೇಮಪತ್ರವಾ?"

"ಎಲ್ಲಾ ಗಂಡಸರದ್ದೇ ಕಣಯ್ಯ. ಅದರಲ್ಲೂ ಸೋತವರದು."

ಮಾತು ಸುಳ್ಳಲ್ಲ. ಕಾಗದಗಳು ಬರುತ್ತಿದ್ದದ್ದು ಆತ ಮಾಡಿದ ಒಂದು ಆಟಕ್ಕೆ.

ಆತ ಇಪ್ಪತ್ತೆರಡು ವರ್ಷದಿಂದ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವನು. ಮುಚ್ಚಳ ತೆಗೆಯುವ ಮೊದಲೇ, ಯಂತ್ರ ಹೊಡೆಯುವ ಸದ್ದು ಕೇಳಿಯೇ ಯಾವ ಸ್ಪ್ರಿಂಗು ಸಡಿಲವಾಗಿದೆ ಎಂದು ಹೇಳುತ್ತಿದ್ದ. ಎರಡು ವರ್ಷದ ಹಿಂದೆ, ಕಚೇರಿಗಳು ಹೊಸ ಯಂತ್ರ ಕೊಳ್ಳುವುದನ್ನು ನಿಲ್ಲಿಸಿದವು ಎಂದು ಗೊತ್ತಾದಾಗ, ಟಿವಿಗೆ ಜೋಡಿಸುವ ಒಂದು ಪುಟ್ಟ ಮನೆ ಕಂಪ್ಯೂಟರನ್ನು ತಂದ. ಶತ್ರುವನ್ನು ಬಿಚ್ಚಿ ನೋಡೋಣ ಎಂಬ ಲೆಕ್ಕ. ಬಿಚ್ಚಿ ನೋಡಿದ, ಒಳಗೆ ಎಣ್ಣೆ ಹಾಕುವ ಜಾಗವೇ ಇರಲಿಲ್ಲ. ಆಮೇಲೆ ಜೊತೆಗೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದ. ಒಂಬತ್ತು ತಿಂಗಳಲ್ಲಿ ಆಟ ಸಿದ್ಧವಾಯಿತು.

ಎರಡು ರೋಬೋಗಳ ಕಾಳಗ. ಎಡಗಡೆಯದರ ಹೆಸರು ಇಕ್ಕಳ, ಬಲಗಡೆಯದು ಸುತ್ತಿಗೆ. ಇಬ್ಬರು ಒಂದೇ ಕೀಬೋರ್ಡಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತು, ಆಚೆ ರೋಬೋದ ಬ್ಯಾಟರಿ ಬರಿದಾಗುವವರೆಗೆ ಬಡಿಯಬೇಕು. ಒಂದು ಏಟು ಹೊಡೆದ ಮೇಲೆ ರೋಬೋದ ತೋಳು ಮತ್ತೆ ಮೇಲೇಳಲು ಐವತ್ತು ಎಣಿಕೆ ಬೇಕು. ಅಂದರೆ ಸರಿಯಾಗಿ ಒಂದು ಸೆಕೆಂಡು. ಆಟವನ್ನು ಆತ ಮಾರುತ್ತಿರಲಿಲ್ಲ. ಷೇರ್‌ವೇರ್ ಎನ್ನುತ್ತಿದ್ದರಲ್ಲ, ಆ ಪದ್ಧತಿ: ಫ್ಲಾಪಿಯನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು, ಹಿಡಿಸಿದರೆ ಒಂದು ಸಣ್ಣ ಮೊತ್ತ ಕಳಿಸಬಹುದು, ಹಿಡಿಸದಿದ್ದರೆ ಯಾಕೆ ಎಂದು ಬರೆದರೂ ಸಾಕು. ತೆರೆಯ ಮೇಲೆ ಮೊದಲು ಮೂಡುತ್ತಿದ್ದದ್ದೇ ಅಂಗಡಿಯ ವಿಳಾಸ. ಹಣ ಕಳಿಸಿದವರಿಗಿಂತ ಬೈದು ಬರೆದವರೇ ಜಾಸ್ತಿ. ಬೈಗುಳವನ್ನೂ ಆತ ದಿನಾಂಕ ಹಾಕಿ ಫೈಲು ಮಾಡುತ್ತಿದ್ದ.

ಬೈಗುಳಕ್ಕೆ ಕಾರಣ ಹೆಚ್ಚಾಗಿ ಹೆಂಡತಿಯೇ. ಆಕೆ ಎರಡು ಬೀದಿ ಆಚೆಯ ಟೈಪಿಂಗ್ ಶಾಲೆಯ ಟೀಚರು. ಕೀಲಿಗಳನ್ನು ನೋಡದೆ ಹೊಡೆಯುವ ಕೈ. ಆ ಕೋಣೆಯಲ್ಲಿ ಹನ್ನೆರಡು ಯಂತ್ರ ಒಟ್ಟಿಗೆ ಗದ್ದಲ ಮಾಡುತ್ತಿದ್ದರೂ ಯಾರ ಬೆರಳು ತಪ್ಪು ಜಾಗಕ್ಕೆ ಹೋಯಿತು ಎಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದಳು. ಆಟದ ಕೀಲಿಗಳನ್ನು ಆರಿಸಿದ್ದು ಆಕೆ. ಟೈಪಿಂಗ್ ಕಲಿಯುವವರು ಬೆರಳಿಡುವ ನಡುಸಾಲೇ ಆಗಬೇಕು ಎಂದು ಹಟ ಹಿಡಿದಳು. ಎಡಗಡೆಯವರು ಎಡಗೈಯ ನಾಲ್ಕು ಬೆರಳಲ್ಲಿ, ಬಲಗಡೆಯವರು ಬಲಗೈಯ ನಾಲ್ಕು ಬೆರಳಲ್ಲಿ ಆಡಬೇಕು. ಏಟು ಹೊಡೆಯುವ ಕೀಲಿ ಕಿರುಬೆರಳಿಗೆ; ಎಡಗಡೆಯವರಿಗೆ ಅದು ಎ ಕೀಲಿ.

"ಕಿರುಬೆರಳಲ್ಲಿ ಯಾರೇ ಹೊಡೀತಾರೆ, ಟೀಚರಮ್ಮ? ಜನ ಉಗೀತಾರೆ."

"ಉಗೀಲಿ ಬಿಡ್ರೀ. ಎಲ್ಲರೂ ಅದನ್ನ ಸುಮ್ನೆ ಕೂರಿಸಿ ಕೂರಿಸಿಯೇ ಸೋಮಾರಿ ಮಾಡಿಟ್ಟಿರೋದು. ಕೆಲಸ ಕೊಟ್ಟು ನೋಡಿ, ದುಡಿಯುತ್ತೆ."

ಪ್ರತಿದಿನ ಸಂಜೆ ಆರೂಕಾಲಿನಿಂದ ಏಳರವರೆಗೆ ಇಬ್ಬರೂ ಮನೆಯಲ್ಲಿ ಆಡುತ್ತಿದ್ದರು. ಅದು ಆತನಿಗೆ ಪರೀಕ್ಷೆ, ಆಕೆಗೆ ಆಟ. ಎಡಗಡೆಯ ಕುರ್ಚಿಯಿಂದ ಒಲೆಯ ಮೇಲಿನ ಹಾಲು ಕಾಣುತ್ತಿತ್ತು, ಹಾಗಾಗಿ ಎಡ ಆಕೆಯದು, ಬಲ ಆತನದು. ಪ್ರತಿ ಸುತ್ತಿನ ಫಲಿತಾಂಶವನ್ನೂ ಆತ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ. ನೂರು ಸುತ್ತಿನಲ್ಲಿ ಒಬ್ಬೊಬ್ಬರು ಐವತ್ತರ ಆಸುಪಾಸು ಗೆದ್ದರೆ ಆಟ ನ್ಯಾಯವಾಗಿದೆ ಎಂದು ಅರ್ಥ. ಮೊದಲ ಪ್ರತಿ ಹಾಗೇ ಇತ್ತು.

ಆಮೇಲೊಂದು ಸಂಜೆ ಆಕೆ, "ರೀ, ಈ ಎ ಕೀಲಿ ಸರಿಯಾಗಿ ತಗೊಳ್ತಿಲ್ಲ" ಎಂದಳು. ಆತ ಕೀಬೋರ್ಡು ಬಿಚ್ಚಿ, ಒರೆಸಿ, ಎ ಕೀಲಿಯ ಕೆಳಗಿನ ರಬ್ಬರು ಬದಲಿಸಿದ. ತಾನು ನೂರು ಸಲ ಒತ್ತಿದ; ನೂರೂ ಹಿಡಿಯಿತು. ಆಕೆ ಆಡಿದಾಗ ಮತ್ತೆ ತಪ್ಪಿತು. ಹಲವು ಕೀಲಿ ಒಟ್ಟಿಗೆ ಒತ್ತಿದರೆ ಈ ಅಗ್ಗದ ಕೀಬೋರ್ಡುಗಳು ಒಂದನ್ನು ನುಂಗುತ್ತವೆ ಎಂದು ಆತ ಓದಿದ್ದ. ಅದೇ ಇರಬೇಕು, ಎಡಗಡೆಯ ತಂತಿಗೇ ನಷ್ಟವಾಗುತ್ತಿರಬೇಕು ಎಂದುಕೊಂಡ. ಯಂತ್ರ ಮಾಡಿದ ಅನ್ಯಾಯವನ್ನು ಪ್ರೋಗ್ರಾಮಿನಲ್ಲಿ ಸರಿಪಡಿಸಿದ: ಇಕ್ಕಳದ ತೋಳು ಮೇಲೇಳಲು ಐವತ್ತರ ಬದಲು ನಲವತ್ತೇಳು ಎಣಿಕೆ. ಸುತ್ತುಗಳು ಮತ್ತೆ ಐವತ್ತಕ್ಕೆ ಬಂದವು. ಕೆಲವು ತಿಂಗಳಾದ ಮೇಲೆ ಅದು ಸಾಲದಾಯಿತು. ಕೀಬೋರ್ಡನ್ನೇ ಪೂರ್ತಿ ಹೊಸದು ಹಾಕಿದ, ಆದರೂ ಎಣಿಕೆಯನ್ನು ನಲವತ್ತೆರಡಕ್ಕೆ ಇಳಿಸಬೇಕಾಯಿತು. ಕೊನೆಗೆ ಮೂವತ್ತೆರಡು. ಆ ಪ್ರತಿಯನ್ನೇ ಎರಡು ತಿಂಗಳ ಹಿಂದೆ ಎಲ್ಲರಿಗೂ ಹಂಚಿದ್ದ.

ಎಣಿಕೆಯ ವಿಷಯ ಆಕೆಗೆ ಹೇಳಿರಲಿಲ್ಲ. ಕೀಲಿ ಸರಿ ಮಾಡಿದೆ ಎಂದಷ್ಟೇ ಹೇಳುತ್ತಿದ್ದ. ಹೇಳಿದರೆ ಆಕೆ ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಪರೀಕ್ಷೆಗೆ ಕೂತವರು ಗಂಟೆ ಹೊಡೆದ ಮೇಲೆ ಒಂದೇ ಒಂದು ಅಕ್ಷರ ಹೊಡೆದರೂ ಕಾಗದ ಕಿತ್ತುಕೊಳ್ಳುವ ಹೆಂಗಸು ಅದು. ಗಂಡನ ಮೇಲೆ ನೂರಕ್ಕೆ ಐವತ್ತು ಗೆಲ್ಲುತ್ತೇನೆ ಎಂದು ಇಡೀ ಟೈಪಿಂಗ್ ಶಾಲೆಗೆ ಹೇಳಿಕೊಂಡು ಬಂದಿದ್ದಳು.

ಬುಧವಾರದ ಮೊದಲ ಕಾಗದ ಯಾವುದೋ ಗೋದಾಮಿನ ಗುಮಾಸ್ತನದು. "ನಾನೂ ನನ್ನ ಭಾವಮೈದನೂ ಆಡುತ್ತೇವೆ. ಎಡಗಡೆ ಕೂತವನೇ ಗೆಲ್ಲುತ್ತಾನೆ. ಈಗ ಆಟಕ್ಕಿಂತ ಮುಂಚೆ ಕುರ್ಚಿಗೇ ಯುದ್ಧವಾಗುತ್ತದೆ. ಅದಕ್ಕೂ ಒಂದು ರೋಬೋ ಮಾಡಿಕೊಡಿ." ಎರಡನೆಯದರಲ್ಲೂ ಅದೇ ದೂರು, ಮೂರೇ ಸಾಲಲ್ಲಿ. ಮೂರನೆಯದನ್ನು ಬರೆದವರು ನಿವೃತ್ತ ಗಣಿತದ ಮೇಷ್ಟ್ರು. ಅವರು ಗೆರೆ ಹಾಕಿ ಕೋಷ್ಟಕವನ್ನೇ ಮಾಡಿದ್ದರು. ಅರವತ್ತು ಸುತ್ತು, ಪ್ರತಿ ಸುತ್ತಿಗೂ ಕುರ್ಚಿ ಅದಲುಬದಲು, ಇಕ್ಕಳ ಗೆದ್ದದ್ದು ಐವತ್ತೈದು. ಕೆಳಗೆ ಒಂದು ಸಾಲು: "ಕುರ್ಚಿ ಬದಲಿಸದೆ ಪರೀಕ್ಷೆ ಮಾಡಿದಿರೋ ಹೇಗೆ?"

ಹೌದು, ಬದಲಿಸಿರಲಿಲ್ಲ. ಆಡತೊಡಗಿದಾಗಿನಿಂದ ಒಂದು ಸಲವೂ ಇಲ್ಲ.

ಮೂರೂ ಮನೆಯಲ್ಲಿದ್ದದ್ದು ಇದೇ ಕಂಪ್ಯೂಟರು, ಇದೇ ಕೀಬೋರ್ಡು. ತಂತಿಯ ದೋಷ ನಿಜವಾಗಿದ್ದರೆ ಅಲ್ಲೂ ಇರಬೇಕಿತ್ತು, ಇಕ್ಕಳಕ್ಕೆ ಕೊಟ್ಟ ಹೆಚ್ಚಿನ ವೇಗ ಅದಕ್ಕೆ ಸರಿಹೋಗಬೇಕಿತ್ತು. ಹೋಗಿಲ್ಲ. ಅಂದರೆ ತಂತಿಯಲ್ಲಿ ದೋಷವಿಲ್ಲ. ಕೀಬೋರ್ಡಂತೂ ಹೊಸದು. ಒಂದೊಂದನ್ನೇ ಪಟ್ಟಿಯಿಂದ ಹೊಡೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಒಂದೇ. ಆಗ ಇನ್ನೊಂದು ನೆನಪಾಯಿತು. ಶಾಲೆಯಲ್ಲಿ ಹೆಂಡತಿ ಬಳಸುವ ಟೈಪ್‌ರೈಟರಿನಲ್ಲಿ ಎ ಅಕ್ಷರ ಮಸುಕಾಗಿ ಬೀಳುತ್ತಿದೆ ಎಂದು ಆಕೆ ಹೇಳಿದ್ದಳು. ಆತ ಹೋಗಿ ಸ್ಪ್ರಿಂಗು ಸಡಿಲ ಮಾಡಿ, ಕೀಲಿಯನ್ನು ಹಗುರ ಮಾಡಿ ಬಂದಿದ್ದ. ಒಂದಲ್ಲ, ಎರಡು ಸಲ.

ಕಾಗದಗಳನ್ನು ಮಡಿಚಿ ಡ್ರಾಯರಿಗೆ ಹಾಕಿದ. ಉಳಿದ ಅಕ್ಷರಗಳನ್ನೂ ತಿಕ್ಕಿ ಮುಗಿಸಿ, ಕಚೇರಿಯ ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಕಾಗದ ಸುತ್ತಿ ಪರೀಕ್ಷೆಯ ಸಾಲು ಹೊಡೆದ. ಎಲ್ಲ ಅಕ್ಷರವೂ ಒಂದೇ ಕಪ್ಪಿನಲ್ಲಿ ಬಿದ್ದವು. ರಸೀದಿ ಬರೆದ. ಊಟದ ಡಬ್ಬಿ ತೆಗೆದು ತಿಂದ. ಏನು ತಿಂದೆ ಎಂದು ಸಂಜೆ ಆಕೆ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಆರೂಕಾಲಿಗೆ ಆತ ಮನೆಗೆ ಹೋಗಿ ಎಡಗಡೆಯ ಕುರ್ಚಿಯಲ್ಲಿ ಕೂತ.

"ಏನ್ರೀ ಇದು, ಸೋತು ಸೋತು ಈಗ ಕುರ್ಚಿ ಮೇಲೆ ಅಪವಾದವಾ?"

"ಇವತ್ತೊಂದು ದಿನ ಆ ಕಡೆ ಕೂರು. ಹಾಲು ನಾನು ನೋಡ್ಕೋತೀನಿ."

"ನೀವು ನೋಡ್ಕೊಂಡ ಹಾಲು ಒಲೆಗೇ ಅರ್ಪಣೆ."

ಇಪ್ಪತ್ತು ಸುತ್ತು ಆಡಿದರು. ಆತ ಹತ್ತೊಂಬತ್ತು ಗೆದ್ದ. ಗೆಲ್ಲಬಾರದು ಎಂದು ಬಯಸುತ್ತಲೇ, ಆದರೂ ಲೆಕ್ಕ ಕೆಡಬಾರದು ಎಂದು ಸರಿಯಾಗಿಯೇ ಆಡಿದ. ಆಕೆ, "ಅಯ್ಯೋ, ಆ ಕಡೆ ಕೂತ್ರೆ ನಿಮಗೂ ಕೈ ಓಡುತ್ತಲ್ರೀ!" ಎಂದು ನಕ್ಕಳು.

ಆಮೇಲೆ ಹತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಮು ಬರೆದ. ತೆರೆಯ ಮೇಲೆ ಬಿಳಿ ಚೌಕ ಬಂದಾಗ ಎ ಒತ್ತಬೇಕು, ಐವತ್ತು ಸಲ. ಬಲಗೈಯ ಕಿರುಬೆರಳಲ್ಲಿ ಆಕೆ ಐವತ್ತೂ ಒತ್ತಿದಳು. "ಈಗ ಎಡಗೈ" ಎಂದ. ಇಪ್ಪತ್ತೇಳು.

"ನೋಡಿದ್ರಾ? ನಿಮ್ಮ ಕೀಲಿ ಮತ್ತೆ ಕೆಟ್ಟಿದೆ."

ಆತ ತನ್ನ ಎಡಗೈ ಕಿರುಬೆರಳಿಟ್ಟು ಒತ್ತಿದ. ಐವತ್ತು. ಆಕೆ ತೆರೆಯ ಮೇಲಿನ ಅಂಕಿಯನ್ನು ನೋಡಿದಳು, ಮತ್ತೆ ತನ್ನ ಕೈಯನ್ನು ನೋಡಿದಳು. ಕಿರುಬೆರಳಿನ ಬುಡದಲ್ಲಿ, ಅಂಗೈಯ ಅಂಚಿನ ಮಾಂಸ ತಗ್ಗಿತ್ತು. ಅಷ್ಟು ಹತ್ತಿರ ಕೂತು ಅಷ್ಟು ಸಂಜೆ ಆಡಿದರೂ ಆತ ನೋಡುತ್ತಿದ್ದದ್ದು ತೆರೆಯನ್ನು.

"ಡಾಕ್ಟರ್ ಹತ್ರ ಹೋಗೋಣ" ಎಂದ.

"ಯಾರಿಗೆ ತೋರಿಸೋಕೆ? ಕೀಬೋರ್ಡಿಗಾ?" ಎಂದಳು. ಆತ ನಗಲಿಲ್ಲ. ಆಕೆ ಎದ್ದು ಹೋಗಿ ಹಾಲಿನ ಪಾತ್ರೆಯನ್ನು ಬಲಗೈಯಲ್ಲಿ ಇಳಿಸಿದಳು.

ಆಮೇಲಿನ ಐದು ವರ್ಷವನ್ನು ಇಲ್ಲಿಯೇ ಹೇಳಿಬಿಡುವುದು ವಾಸಿ. ಅದು ನರದ ಕಾಯಿಲೆ. ನಿಧಾನಕ್ಕೆ ಏರುವಂಥದ್ದು, ಇಳಿಯದಂಥದ್ದು. ಎಡಗೈ ಮುಗಿಸಿ ಬಲಗೈಗೆ ಬಂತು. ಬೆರಳು ಆಡದಿದ್ದಾಗಲೂ ಆಕೆ ಒಂದೂವರೆ ವರ್ಷ ಶಾಲೆಗೆ ಹೋದಳು. ಕೋಣೆಯ ನಡುವೆ ಕೂತು ಕಿವಿಯಿಂದಲೇ ಪಾಠ ಮಾಡಿದಳು. ಕೊನೆಗೆ ನಾಲಿಗೆಗೂ ಬಂತು. ಆತ ಬೆಳಗ್ಗೆ ಆಕೆಗೆ ಸ್ನಾನ ಮಾಡಿಸಿ, ತಲೆ ಬಾಚಿ, ಅಂಗಡಿಗೆ ಹೋಗಿ, ಮಧ್ಯಾಹ್ನ ಬಂದು ಊಟ ಮಾಡಿಸಿ, ಮತ್ತೆ ಹೋಗುತ್ತಿದ್ದ. ಆಟದ ಹೊಸ ಪ್ರತಿಯಲ್ಲಿ ಎರಡೂ ತೋಳಿಗೆ ಐವತ್ತು ಎಣಿಕೆ ಇಟ್ಟ. ಅದನ್ನು ಪರೀಕ್ಷಿಸಲು ಜೊತೆಗಾರರಿರಲಿಲ್ಲವಾದ್ದರಿಂದ ಎಡಗೈಗೂ ಬಲಗೈಗೂ ತಾನೇ ಕಾಳಗ ಹಚ್ಚಿ ನೂರು ಸುತ್ತು ಆಡಿದ. ಯಾರು ಗೆದ್ದರು ಎಂದು ಬರೆದಿಟ್ಟ. ಸಂತೋಷವೂ ಇಲ್ಲ, ದುಃಖವೂ ಇಲ್ಲ. ನೂರು ಮುಗಿಯಬೇಕಿತ್ತು, ಮುಗಿಯಿತು. ದೂರು ಬರೆದ ಮೂವರಿಗೂ ಫ್ಲಾಪಿ ಕಳಿಸಿದ. ಆದರೆ ಹಂಚಿಹೋದದ್ದು ಹಂಚಿಹೋಯಿತು. ಕೈಯಿಂದ ಕೈಗೆ ಓಡಾಡಿದ್ದು ಹಳೆಯ ಪ್ರತಿಯೇ. ಎಷ್ಟೋ ಮನೆಗಳಲ್ಲಿ ಎಡಗಡೆ ಕೂತವರು ಗೆಲ್ಲುತ್ತಲೇ ಇದ್ದರು.

ಹೇಳಲು ಉಳಿದಿರುವುದು ಆ ಬುಧವಾರ ಕಳೆದು ಮೂರನೇ ವಾರಕ್ಕೆ ಸಿಕ್ಕ ನರತಜ್ಞರ ಭೇಟಿ. ಬೆಳಗ್ಗೆ ಒಂಬತ್ತಕ್ಕೆ ಕರೆದಿದ್ದರು, ಒಳಗೆ ಬಿಟ್ಟಾಗ ಹನ್ನೊಂದೂವರೆ. ಡಾಕ್ಟರು ಆಕೆಯ ಬೆರಳುಗಳ ನಡುವೆ ಒಂದು ಕಾಗದ ಸಿಕ್ಕಿಸಿ, ಬಿಗಿಯಾಗಿ ಹಿಡಿಯಿರಿ ಎಂದು ಹೇಳಿ ಎಳೆದರು. ಬಲಗೈಯಲ್ಲಿ ಕಾಗದ ಹರಿಯಿತು. ಎಡಗೈಯಿಂದ ಸುಮ್ಮನೆ ಜಾರಿ ಬಂತು.

"ಇದು ಯಾವಾಗಿಂದಮ್ಮ?"

"ಹದಿನೈದು ಇಪ್ಪತ್ತು ದಿನ ಇರ್ಬೇಕು ಡಾಕ್ಟ್ರೇ. ಅದಕ್ಕೆ ಮುಂಚೆ ಚೆನ್ನಾಗೇ ಇತ್ತು. ನಮ್ಮನೇಲಿ ಒಂದು ಆಟ ಇದೆ, ಎಡಗೈಲೇ ಆಡೋದು. ಮೊನ್ನೆ ಮೊನ್ನೆವರೆಗೂ ನೂರಕ್ಕೆ ಐವತ್ತು ಗೆದ್ದಿದೀನಿ. ಬೇಕಾದ್ರೆ ಇವರನ್ನೇ ಕೇಳಿ."

ಡಾಕ್ಟರು ಆತನ ಕಡೆ ತಿರುಗಿದರು. "ನೋಡಿ, ಇದು ತುಂಬಾ ಮುಖ್ಯ. ಇಪ್ಪತ್ತು ದಿನದಲ್ಲಿ ಇಷ್ಟು ಇಳಿದಿದ್ರೆ ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಔಷಧಿ. ಇವತ್ತೇ ಶುರು ಮಾಡ್ಬೇಕು. ನಿಧಾನಕ್ಕೆ ಇಳಿದಿದ್ರೆ ಇನ್ನೊಂದು. ಇವರು ಹೇಳೋದು ಸರೀನಾ?"

ಆತ ಪ್ಯಾಂಟಿನ ಮೇಲೆ ಅಂಗೈ ಒರೆಸಿಕೊಂಡ. ಶಾಯಿ ಯಾವತ್ತೂ ಪೂರ್ತಿ ಹೋಗುತ್ತಿರಲಿಲ್ಲ.

"ಇಲ್ಲ ಡಾಕ್ಟ್ರೇ. ಹನ್ನೊಂದು ತಿಂಗಳಾಯ್ತು."

"ಏನಂತೀರಿ ನೀವು?" ಆಕೆ ಕುರ್ಚಿಯಲ್ಲಿ ಪೂರ್ತಿ ತಿರುಗಿದಳು. "ಹನ್ನೊಂದು ತಿಂಗಳಿಂದ ಕೈ ಇಳಿದಿದ್ರೆ ನಾನು ಗೆದ್ದಿದ್ದು ಹೇಗೆ?"

"ನಾನು ನಿನ್ನ ರೋಬೋನ ಜೋರು ಮಾಡ್ತಾ ಬಂದೆ. ಕೀಲಿದು ತಪ್ಪು ಅಂದ್ಕೊಂಡಿದ್ದೆ."

ಡಾಕ್ಟರಿಗೆ ಆಟ ಅರ್ಥವಾಗಲಿಲ್ಲ, ಆದರೆ ಪೆನ್ನು ಎತ್ತಿಕೊಂಡರು. ಗೋಡೆಯಾಚೆ ಯಾರೋ ಮುಂದಿನವರ ಹೆಸರು ಕೂಗಿದರು. ಆಕೆ ಸಿಟ್ಟಾಗಲಿಲ್ಲ. ಗಂಟೆ ಹೊಡೆದ ಮೇಲೆ ಕಾಗದ ಕಿತ್ತುಕೊಂಡು ತಪ್ಪು ಎಣಿಸುವಾಗಿನ ದನಿಯಲ್ಲೇ ಕೇಳಿದಳು:

"ಎಷ್ಟು ಬಿಟ್ಟುಕೊಟ್ರಿ? ಸರಿಯಾಗಿ ಹೇಳಿ."

ಸರಿಯಾಗಿ ಹೇಳುವುದೊಂದೇ ಆತನಿಗೆ ಬರುತ್ತಿದ್ದದ್ದು. ಐವತ್ತು ಎಣಿಕೆಯಲ್ಲಿ ಮೂವತ್ತೆರಡನ್ನು ಕಳೆದು, ನೂರರ ಲೆಕ್ಕಕ್ಕೆ ದ್ವಿಗುಣ ಮಾಡಿ, ಮತ್ತೊಮ್ಮೆ ಮನಸ್ಸಿನಲ್ಲೇ ತಾಳೆ ನೋಡಿ, ಆಕೆಯ ಮುಖ ನೋಡಿಕೊಂಡೇ ಹೇಳಿದ:

"ನೂರಕ್ಕೆ ಮೂವತ್ತಾರು."